ಶಾಲೆಯಡಿಯ ನೀಲಿ

"ಅಮ್ಮಾ, ಪುಷ್ಪಜ್ಜಿ ಕಡಲಿಗೆ ಬೆನ್ನ್ ಹಾಕಿ ನಿಲ್ಲೂದೇ ಇಲ್ಲೆ. ಎಂತಕೆ?"

ಮೋಕ್ಷಿತಾ ಇದನ್ನು ಕೇಳಿದಾಗ ನಾನು ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದೆ. ಶಾಲೆಗೆ ಹೊತ್ತಾಗಿತ್ತು. "ಕಡಲ್ ಕಾಂಬುಕೆ ಚಂದ ಅಲ್ದಾ, ಅದ್ಕೆ" ಎಂದು ಬಾಯಿಗೆ ಬಂದದ್ದು ಹೇಳಿದೆ.

"ಚಂದದ್ದ್ ಕಾಂಬರ್ ಮೋರೆ ಹಾಂಗಿರತ್ತಾ?" ಎಂದಳು ಅವಳು. ನಾಲ್ಕನೇ ಕ್ಲಾಸಿನ ಹುಡುಗಿ. ನಾನು ರಿಬ್ಬನ್ ಬಿಗಿದು ಕಳಿಸಿದೆ. ಆದರೆ ಆ ಮಾತು ದಿನವಿಡೀ ಕಾಲಿಗೆ ಸಿಕ್ಕ ಬಲೆಯ ನೂಲಿನ ಹಾಗೆ ಎಳೆಯುತ್ತಲೇ ಇತ್ತು. ಒಮ್ಮೆ ಪುಸ್ತಕ ಮರೆತುಹೋದ ನೆಪದಲ್ಲಿ, ಇನ್ನೊಮ್ಮೆ ಕೊಡೆ ಕೊಡುವ ನೆಪದಲ್ಲಿ ಶಾಲೆಗೆ ಹೋಗಿ ನೋಡಿದೆ. ಮಗಳು ಹೇಳಿದ್ದು ಸರಿ. ಮಕ್ಕಳೆಲ್ಲ ಜಗಲಿಯಲ್ಲಿ ಸಾಲಾಗಿ ಕೂತಿದ್ದರೆ ಪುಷ್ಪಕ್ಕ ಅನ್ನದ ಪಾತ್ರೆ ಹಿಡಿದು ಅಡ್ಡಡ್ಡ ಹೆಜ್ಜೆ ಇಟ್ಟು, ಏಡಿ ನಡೆದಂತೆ ನಡೆದು ಬಡಿಸುತ್ತಿದ್ದರು. ಮುಖ ಮಾತ್ರ ಸದಾ ಪಡುವಣಕ್ಕೆ.

ಪುಷ್ಪಕ್ಕ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ನಮ್ಮದು ಹಂಗಾರಕಟ್ಟೆಯಿಂದ ಹೊಳೆ ದಾಟಿದರೆ ಸಿಗುವ ಉದ್ದನೆಯ ಮರಳುದಿಬ್ಬ, ಬೆಂಗ್ರೆ. ಮೂಡಕ್ಕೆ ಹೊಳೆ, ಪಡುವಕ್ಕೆ ಕಡಲು, ನಡುವೆ ಒಂದು ಕಾಂಕ್ರೀಟ್ ರಸ್ತೆ, ಎರಡು ಬದಿಗೆ ಮನೆ. ಶಾಲೆ ಇರುವುದು ದಿಬ್ಬದ ತೀರ ಸಪೂರವಾದ ಜಾಗದಲ್ಲಿ. ಬಾವಿಕಟ್ಟೆಯ ಮೇಲೆ ನಿಂತರೆ ಎರಡೂ ನೀರು ಕಾಣುತ್ತದೆ. ನಾನು ನಾವುಂದದವಳು, ಮದುವೆಯಾಗಿ ಇಲ್ಲಿಗೆ ಬಂದವಳು. ನಮ್ಮ ಊರಿನಲ್ಲೂ ಕಡಲಿದೆ, ಆದರೆ ಅಮ್ಮನ ಮನೆ ಹೆದ್ದಾರಿಯ ಮೂಡು ಬದಿಗೆ. ಅಲ್ಲಿ ಕಡಲು ಕೇಳಿಸುತ್ತಿತ್ತು. ಇಲ್ಲಿ ಅದು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಒಳಗೆ ಇಣುಕುತ್ತದೆ. ನನ್ನ ಗಂಡ ರತೀಶರು ಹಂಗಾರಕಟ್ಟೆಯ ದೋಣಿ ಕಟ್ಟುವಲ್ಲಿ ಕೆಲಸಕ್ಕಿದ್ದಾರೆ.

ಪುಷ್ಪಕ್ಕ ಹುಟ್ಟಿದ್ದೂ ಇಲ್ಲೇ, ಕೊಟ್ಟದ್ದೂ ಇಲ್ಲೇ. ಗಂಡ ತೀರಿಹೋದ ಮೇಲೆ ಒಣಮೀನಿನ ಬುಟ್ಟಿ ಹೊತ್ತು ಬ್ರಹ್ಮಾವರದ ಸಂತೆಯತನಕ ಹೋಗಿ ಮಗ ಅಕ್ಷಯ್‌ನನ್ನು ಬೆಳೆಸಿದರು. ಈಗ ಅವನು ಮಲ್ಪೆಯ ಬೋಟಿನಲ್ಲಿದ್ದಾನೆ. ಬುಟ್ಟಿ ಹೊತ್ತ ಕುತ್ತಿಗೆ ಇನ್ನೂ ನೆಟ್ಟಗೇ ಇದೆ. ಬಾಯಿಯೂ ಸಂತೆಯದ್ದೇ. ತರಕಾರಿ ಬದಿಗೆ ಸರಿಸುವ ಮಕ್ಕಳನ್ನು ಅವರು ಬಿಡುವವರಲ್ಲ.

"ಹ್ವಾಯ್ ಪ್ರಖ್ಯಾತ, ಬೆಂಡೆಕಾಯಿ ಕಂಡ್ರ್ ನಾಚ್ಕಂಬುಕೆ ಅದೆಂತ ನಿನ್ನ್ ಹೆಣ್ಣ್ ಕಾಂಬುಕೆ ಬಂದದ್ದಾ? ತಿನ್ನ್!"

ಮಕ್ಕಳು ನಗುತ್ತಾ ತಿನ್ನುತ್ತಿದ್ದರು. ನಗಿಸುವಾಗಲೂ ಅವರ ಕಣ್ಣು ಮಕ್ಕಳ ತಲೆಯ ಮೇಲಿಂದ ಹಾದು ಗಾಳಿಮರಗಳ ಆಚೆ ನೆಟ್ಟಿರುತ್ತಿತ್ತು. ಇಷ್ಟು ವರ್ಷ ಇದನ್ನು ನಾನು ಕಂಡೂ ಕಂಡಿರಲಿಲ್ಲ.

ಆ ಮಳೆಗಾಲದಲ್ಲೇ ಸೌಮ್ಯಶ್ರೀ ಟೀಚರ್ ಚರಿತ್ರೆಯ ಕೆಲಸ ಶುರುಮಾಡಿದರು. ಅವರು ಬ್ರಹ್ಮಾವರದ ಕಡೆಯವರು, ಈ ವರ್ಷವೇ ವರ್ಗವಾಗಿ ಬಂದವರು. ರಾಜರ ಹೆಸರು ಬಾಯಿಪಾಠ ಮಾಡಿಸುವುದಕ್ಕಿಂತ ಮಕ್ಕಳು ತಮ್ಮ ಊರನ್ನೇ ಹುಡುಕಲಿ ಎಂದು ಹೇಳಿ ತಾಯಂದಿರ ವಾಟ್ಸಾಪಿಗೆ ಒಂದು ಜಾಲತಾಣದ ಕೊಂಡಿ ಕಳಿಸಿದರು. ಯಾರೋ ಮೇಷ್ಟ್ರುಗಳು ಸೇರಿ ಸಣ್ಣ ಮಕ್ಕಳಿಗೆಂದೇ ಮಾಡಿದ್ದಂತೆ. ಅದರಲ್ಲಿ ಹಳೆಯ ವಸ್ತುಗಳ ಚಿತ್ರ ನೋಡಿ ಏನೆಂದು ಊಹಿಸುವ ಆಟವಿತ್ತು. 'ಅಜ್ಜಿಗೆ ಕೇಳು' ಎಂಬ ಪುಟದಲ್ಲಿ ಹಿರಿಯರಿಗೆ ಕೇಳಬೇಕಾದ ಪ್ರಶ್ನೆಗಳಿದ್ದವು. ಉತ್ತರವನ್ನು ಅಲ್ಲೇ ಧ್ವನಿಮುದ್ರಿಸಿದರೆ ಅದು ಊರಿನ ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕಿಯಾಗಿ ಕೂರುತ್ತಿತ್ತು. ಚುಕ್ಕಿ ಒತ್ತಿದವರಿಗೆಲ್ಲ ಅಜ್ಜಿಯ ಸ್ವರ ಕೇಳುತ್ತಿತ್ತು. ಆ ನಕ್ಷೆಗೇ ಕೆಳಗೊಂದು ಪಟ್ಟಿ. ಬೆರಳಲ್ಲಿ ಎಡಕ್ಕೆ ಎಳೆದಷ್ಟೂ ಊರು ಹಿಂದಿನ ಕಾಲಕ್ಕೆ ಹೋಗುತ್ತಿತ್ತು.

ನನಗೆ ಇದು ಬಹಳ ಹಿಡಿಸಿತು. ಫೋನು ಮಗುವಿನ ಕೈಗೆ ಕೊಟ್ಟು ನಾವು ಪಕ್ಕ ಕೂರಬೇಕು, ಉತ್ತರ ಒತ್ತುವ ಮೊದಲು ಅವಳ ಊಹೆ ಹೇಳಿಸಬೇಕು, ಬೇಜಾರು ಬರುವ ಮುಂಚೆ ನಿಲ್ಲಿಸಬೇಕು ಎಂದು ಬೇರೆ ತಾಯಂದಿರಿಗೂ ಹೇಳಿದೆ. ಅಕ್ಕಿ ಅಳೆಯುವ ಸೇರಿನ ಚಿತ್ರ ಕಂಡು ಮೋಕ್ಷಿತಾ "ಪೆನ್ನ್ ಇಡು ಡಬ್ಬಿ" ಎಂದಾಗ ಮನೆಯವರೆಲ್ಲ ನಕ್ಕದ್ದೇ ನಕ್ಕದ್ದು.

ಒಂದು ಆದಿತ್ಯವಾರ ಮಳೆ ಹೊಡೆಯುತ್ತಿತ್ತು. ಚಾವಡಿಯಲ್ಲಿ ನಾವಿಬ್ಬರೂ ಫೋನು ಹಿಡಿದು ಕೂತಿದ್ದೆವು, ರತೀಶರು ಬೀಸುಬಲೆ ಸರಿಮಾಡುತ್ತಿದ್ದರು. ಮೋಕ್ಷಿತಾ ನಮ್ಮ ಬೆಂಗ್ರೆಯನ್ನು ಹುಡುಕಿ ಪಟ್ಟಿಯನ್ನು ಎಡಕ್ಕೆ ಎಳೆಯತೊಡಗಿದಳು. ಮೊದಲು ಹೊಸ ಮೀನಿನ ಶೆಡ್ ಮಾಯವಾಯಿತು. ಆಮೇಲೆ ಕಾಂಕ್ರೀಟ್ ರಸ್ತೆ ಹೋಗಿ ಮರಳಿನ ಗೆರೆ ಉಳಿಯಿತು. ಮನೆಗಳು ಕಡಿಮೆಯಾದವು. ಇನ್ನೂ ಎಳೆದಾಗ ಆಕಾಶದಿಂದ ತೆಗೆದ ಚಿತ್ರಗಳೂ ಮುಗಿದು, ಕೈಯಲ್ಲಿ ಬರೆದ ಕಂದು ಬಣ್ಣದ ನಕ್ಷೆ ಬಂತು.

"ಅಮ್ಮಾ, ಕಾಣ್! ನಮ್ಮ್ ಶಾಲಿ ನೀರಂಗಿತ್ತ್!"

ಹೊಳೆಯ ನೀಲಿ ನಮ್ಮ ದಿಬ್ಬವನ್ನು ಕತ್ತಿಯಿಂದ ಕಡಿದ ಹಾಗೆ ಸೀಳಿಕೊಂಡು ನೇರ ಕಡಲಿಗೆ ಹೋಗಿತ್ತು. ಈಗ ಹೊಳೆ ಕಡಲು ಸೇರುವ ಅಳಿವೆ ಬಡಗಿನಲ್ಲಿದೆ. ನಕ್ಷೆಯಲ್ಲಿ ಅದು ಇದ್ದದ್ದು ಶಾಲೆಯ ಜಾಗದಲ್ಲಿ. ಮಗಳಿಗೆ ಅದೊಂದು ಆಟವಾಯಿತು. ಬೆರಳು ಬಲಕ್ಕೆ ಎಳೆದರೆ ಶಾಲೆ, ಎಡಕ್ಕೆ ಎಳೆದರೆ ನೀರು. ಶಾಲೆ, ನೀರು. ಶಾಲೆ, ನೀರು. ನಗುತ್ತಾ ಎಳೆಯುತ್ತಲೇ ಇದ್ದಳು. ನಾನು ಫೋನು ಕಿತ್ತುಕೊಂಡೆ.

"ಹ್ವಾಯ್, ಇದ್ ಹೌದಾ?" ಎಂದು ಗಂಡನಿಗೆ ತೋರಿಸಿದೆ.

ಅವರು ಬಗ್ಗಿ ನೋಡಿದವರು ತಟ್ಟನೆ ಹಿಂದೆ ಸರಿದರು. "ಬಂದ್ ಮಾಡ್ ಅದನ್ನ್. ಮಳ್ಗಾಲ್ದಂಗೆ ಅದ್ರ್ ಸುದ್ದಿ ಎಂತಕೆ?"

"ಯಾವ್ದ್ರ್ ಸುದ್ದಿ?"

"ದೊಡ್ಡಮ್ಮಂದ್" ಎಂದರು ಸ್ವರ ತಗ್ಗಿಸಿ.

ಆಗ ತಿಳಿದದ್ದು ಇಷ್ಟು. ಆ ಮುಚ್ಚಿಹೋದ ಅಳಿವೆಗೆ ಅದರದ್ದೇ ಒಂದು ಹೆಸರಿದೆ. ಮಳೆಗಾಲಕ್ಕೆ ಬೋಟುಗಳು ದಡ ಹತ್ತಿದ ದಿನದಿಂದ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು ಎರೆಯುವತನಕ ಬೆಂಗ್ರೆಯವರು ಆ ಹೆಸರು ಎತ್ತುವುದಿಲ್ಲ. ಹೇಳಲೇಬೇಕಾದರೆ 'ದೊಡ್ಡಮ್ಮ' ಎನ್ನುತ್ತಾರೆ. ಮಲಗಿದವಳನ್ನು ಹೆಸರು ಹಿಡಿದು ಕರೆದರೆ ಏಳುತ್ತಾಳೆ ಎಂದು ಅವರ ನಂಬಿಕೆ. ಬೇಸಿಗೆಯಲ್ಲಿ ಹೇಳಬಹುದು, ಆದರೆ ಬೇಸಿಗೆಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ. ಹೀಗಾಗಿ ಹೊರಗಿನಿಂದ ಬಂದ ನನ್ನಂಥವರಿಗೆ, ಈಚೆಗೆ ಹುಟ್ಟಿದ ಮಕ್ಕಳಿಗೆ ಅದು ಗೊತ್ತೇ ಇಲ್ಲ.

"ಇಷ್ಟ್ ವರ್ಷ ಆಯ್ತ್, ನಂಗೊಂದ್ ಮಾತ್ ಹೇಳ್ಲಿಲ್ಲೆ ನೀವ್!"

"ನೀನ್ ಕೇಳ್ದ್ಯಾ?" ಎಂದು ಅವರು ಮತ್ತೆ ಬಲೆಗೆ ಬಗ್ಗಿದರು. ಕೈ ಮಾತ್ರ ಅದೇ ಕಣ್ಣಿಯಲ್ಲಿ ನಿಂತಿತ್ತು.

ನಾನೂ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಂಬಿಕೆಯೋ ಅಲ್ಲವೋ, ಬರೆಯಲು ಕೈ ಬರುವುದಿಲ್ಲ.

ಅಷ್ಟರಲ್ಲಿ ಮಾಡಬಾರದ ಕೆಲಸ ಆಗಿಹೋಗಿತ್ತು. ಹಿಂದಿನ ವಾರವೇ ಮೋಕ್ಷಿತಾ ಟೀಚರ್ ಕೊಟ್ಟ ಟ್ಯಾಬ್ ಹಿಡಿದುಕೊಂಡು ಶಾಲೆಯ ಅಡುಗೆಕೋಣೆಗೆ ಹೋಗಿ, 'ಅಜ್ಜಿಗೆ ಕೇಳು' ಪುಟದ ಪ್ರಶ್ನೆಗಳನ್ನು ಪುಷ್ಪಕ್ಕನಿಗೆ ಕೇಳಿದ್ದಳು. ಅದರಲ್ಲೊಂದು ಪ್ರಶ್ನೆ, 'ನಮ್ಮ ಶಾಲೆ ಇರುವ ಜಾಗದಲ್ಲಿ ಮೊದಲು ಏನಿತ್ತು?' ಪುಷ್ಪಕ್ಕ ಬಾಗಿಲು ಎಳೆದುಕೊಂಡು, ಟ್ಯಾಬನ್ನು ತುಟಿಗೆ ಒತ್ತಿ ಹಿಡಿದು, ಪಿಸುದನಿಯಲ್ಲಿ ಹೇಳಿದ್ದರು. ಮಗಳಿಗೆ ಅದೊಂದು ಅಜ್ಜಿಕಥೆ, ನಕ್ಷೆಯ ನೀರಿಗೂ ಅದಕ್ಕೂ ಅವಳು ಗಂಟು ಹಾಕಿರಲಿಲ್ಲ. ಅವರ ಮಟ್ಟಿಗೆ ಅದೊಂದು ಫೋನು. ಮಲ್ಪೆಯಿಂದ ಅಕ್ಷಯ್ ಮಾತಾಡಿದರೆ ಅದು ಅವರ ಕಿವಿಗೆ ಮಾತ್ರ ಕೇಳುತ್ತದಲ್ಲ, ಹಾಗೆ ಇದೂ ಆ ಕಡೆಯ ಒಬ್ಬರ ಕಿವಿಗೆ ಹೋಗಿ ನಿಲ್ಲುತ್ತದೆ ಎಂದುಕೊಂಡಿದ್ದರು. ಹೊರಗೆ ಗಾಳಿಗೆ ಬಿಡದ ಮಾತು ಹೇಳಿದಂತಲ್ಲ ಎಂದು ಅವರ ಲೆಕ್ಕ. ಇದನ್ನು ಅವರೇ ಆಮೇಲೆ ನನಗೆ ಹೇಳಿದ್ದು.

ಶನಿವಾರ ಟೀಚರ್ ತಾಯಿತಂದೆಯರನ್ನು ಕರೆದು ಮಕ್ಕಳ ಕೆಲಸ ತೋರಿಸಿದರು. ಗೋಡೆಯ ಮೇಲೆ ದೊಡ್ಡದಾಗಿ ನಕ್ಷೆ, ಪಕ್ಕದಲ್ಲಿ ಸ್ಪೀಕರ್. ಒಂದೊಂದೇ ಕೆಂಪು ಚುಕ್ಕಿ ಒತ್ತಿದರು. ಯಾರದ್ದೋ ಅಜ್ಜ ತಾನು ಚಿಕ್ಕಂದಿನಲ್ಲಿ ಆಡಿದ ಗಿಡುಗನ ಆಟದ ಬಗ್ಗೆ ಹೇಳಿದ್ದು ಕೇಳಿ ಎಲ್ಲರೂ ನಕ್ಕರು. ಆಮೇಲೆ ಪುಷ್ಪಕ್ಕನ ಪಿಸುದನಿ ಕೋಣೆಯ ತುಂಬ ದೊಡ್ಡದಾಗಿ ಬಂತು.

"ಇಲ್ಲಿಯಾ? ಇಲ್ಲಿ ನಮ್ಮ್ ಮನಿ ಇತ್ತ್ ಮಗಾ. ತೆಂಗಿನ್ ಮಡ್ಲಿನ್ ಮನಿ. ನಾನ್ ನಿನ್ನಷ್ಟೇ ಇದ್ದೆ. ಆ ವರ್ಷ ಬಡ್ಗ್ ಬದಿ ಹೊಳಿ ಬಾಯಿಗೆ ಮರ್ಳ್ ಬಿದ್ದ್ ಕಟ್ಟ್‌ಕಂಡಿತ್ತ್. ಹೊಳಿ ನೀರಿಗ್ ಹೋಪುಕ್ ದಾರಿ ಇಲ್ಲೆ. ಮೂಡ್ ಬದಿಯಂಗ್ ಏರ್ತಾ ಬಂತ್, ಪಡು ಬದಿಯಂಗ್ ಕಡ್ಲ್. ಬಾವಿ ನೀರ್ ಮುಂಚಿ ಉಪ್ಪಾಯ್ತ್. ಅಪ್ಪಯ್ಯ ಹೇಳ್ರ್, ನಾಳಿಕ್ ದೋಣಿಯಂಗ್ ಆಚಿ ದಡಕ್ಕ್ ಹೋಪಾ ಅಂದೇಳಿ. ನಾಳಿಕ್ ಅಂಬುದ್ ಬರ್ಲೇ ಇಲ್ಲೆ. ನೆಲ ಕೂಗ್ತ್ ಕಾಣ್, ಅಡಿಯಿಂದ. ಮರ್ಳ್ ಹರ್ಕಂಡ್ ಹೋಪು ಸದ್ದ್ ನೀನ್ ಕೇಂಡದ್ದಿಲ್ಲೆ, ಕೇಂಬುದೂ ಬೇಡ. ನನ್ನ್ ತಮ್ಮ ಕರಿಯ, ಅವ್ನ್ ಕೈ ನನ್ನ್ ಕೈಯಂಗಿತ್ತ್. ನಾನ್ ಬಿಡ್ಲಿಲ್ಲೆ. ಅವ್ನೇ ಬಿಟ್ನೋ ಎಂತದೋ. ಬೆಳ್ಗಾತ ಕಂಡ್ರೆ ಮನಿಯೂ ಇಲ್ಲೆ, ಜಾಗವೂ ಇಲ್ಲೆ. ಹೊಳಿ ಅಲ್ಲೇ ಕಡ್ಲಿಗ್ ಹೋತಿತ್ತ್."

ಇಷ್ಟು ಹೇಳಿ ಅವರು ಆ ಹೆಸರು ಹೇಳಿದರು. ಮೋಕ್ಷಿತಾ "ಎಂತ? ಇನ್ನೊಂದ್ ಸಲ ಹೇಳಿ ಅಜ್ಜಿ" ಎಂದಳು. ಮತ್ತೊಮ್ಮೆ ಹೇಳಿದರು. ಬಿಡಿಸಿ ಬಿಡಿಸಿ, ಮಗುವಿಗೆ ಅರ್ಥವಾಗುವಂತೆ.

ಹಿರಿಯರೊಬ್ಬರು ಎದ್ದು ಚಪ್ಪಲಿ ಕೂಡ ಹಾಕದೆ ಅಂಗಳಕ್ಕೆ ಇಳಿದುಹೋದರು. ಅಡುಗೆಕೋಣೆಯ ಬಾಗಿಲಲ್ಲಿ ಪುಷ್ಪಕ್ಕ ಸೌಟು ಹಿಡಿದು ನಿಂತಿದ್ದರು. ತನ್ನದೇ ಸ್ವರ ಗೋಡೆಯಿಂದ ಬರುವುದನ್ನು ಕೇಳುತ್ತಾ ಅವರ ಮುಖ ಬೂದಿಯಾಗಿತ್ತು. ಸೌಮ್ಯಶ್ರೀ ಟೀಚರಿಗೆ ಏನೂ ತಿಳಿಯಲಿಲ್ಲ, ಪಾಪ. "ಎಷ್ಟು ಚೆನ್ನಾಗಿ ಹೇಳಿದ್ದಾರೆ ನೋಡಿ" ಎಂದು ಚಪ್ಪಾಳೆ ತಟ್ಟಿದರು. ಒಂಟಿ ಚಪ್ಪಾಳೆ. ಮೋಕ್ಷಿತಾ ನನ್ನ ಮುಖ ನೋಡಿ ಎತ್ತಿದ ಕೈ ಇಳಿಸಿದಳು.

ಸೋಮವಾರ ಶಾಲೆಯ ಹಿಂದಿನ ಗಾಳಿಮರಗಳಲ್ಲಿ ಮುಂದಿನ ಸಾಲು ಇರಲಿಲ್ಲ. ಬೇರು ಸಮೇತ ಕಡಲಿಗೆ ಹೋಗಿತ್ತು. ಮಳೆಗಾಲದಲ್ಲಿ ಕಡಲು ಕೊರೆಯುವುದು ನಮಗೆ ಹೊಸತಲ್ಲ. ಪ್ರತಿ ವರ್ಷ ಅಷ್ಟಿಷ್ಟು ಹೋಗುತ್ತದೆ, ಪಂಚಾಯಿತಿಯವರು ಬಂದು ನೋಡಿ ಹೋಗುತ್ತಾರೆ. ಆದರೆ ಈ ಸಲ ನೀರಿನ ನಳ್ಳಿಯ ಹತ್ತಿರ ಹೆಂಗಸರ ಮಾತೇ ಬೇರೆಯಿತ್ತು.

"ಕರ್ದದ್ದಕ್ಕ್ ಬಂದಿತ್, ಇನ್ನೆಂತ."

"ಬಡ್ಸು ಕೈಯಂಗೇ ಕರ್ದ್ಳಲೆ ಮಾರಾಯ್ತಿ!"

ಹಾಗೆಲ್ಲ ಹೇಳಬೇಡಿ ಎಂದು ನಾನು ಗದರಿದೆ. ಆದರೆ ಮನೆಗೆ ಬಂದು ಕೊಡ ಇಳಿಸಿದವಳು ಮತ್ತೆ ಆ ನಕ್ಷೆ ತೆರೆದು ನೋಡಿದೆ. ಅವರಿಗೆ ಆ ಹೆಸರಿನ ಭಯ. ನನಗೆ ನಕ್ಷೆಯ ಭಯ. ಹೊಳೆ ಒಮ್ಮೆ ಹಿಡಿದ ದಾರಿ ಅದು. ಅದರ ಮೇಲೆ ಮರಳು ತುಂಬಿ, ಮರಳಿನ ಮೇಲೆ ಗೋಡೆ ಎದ್ದು, ಗೋಡೆಯೊಳಗೆ ನನ್ನ ಮಗಳು ಮಗ್ಗಿ ಹೇಳುತ್ತಿದ್ದಳು. ಬಡಗಿನ ಅಳಿವೆಯಲ್ಲೂ ಈ ವರ್ಷ ಮರಳು ಏರಿದೆ, ದೋಣಿ ಹೊರಗೆ ಹಾಕಲು ಕಷ್ಟ ಎಂದು ರತೀಶರು ಮೊನ್ನೆಯಷ್ಟೇ ಹೇಳಿದ್ದರು. ಆಗ ನಾನು ಅದನ್ನು ಕೆಲಸದ ಸುದ್ದಿ ಎಂದು ಕೇಳಿ ಬಿಟ್ಟಿದ್ದೆ.

ಬುಧವಾರ ಮೋಕ್ಷಿತಾ ಶಾಲೆಯಿಂದ ಬಂದು ಬ್ಯಾಗ್ ಬಿಸಾಡಿದಳು.

"ಅಮ್ಮಾ, ಇವತ್ತ್ ಪುಷ್ಪಜ್ಜಿ ಸಾಂಬಾರಿಗ್ ಉಪ್ಪೇ ಹಾಕ್ಲಿಲ್ಲೆ. ನಾನ್ ಕಂಡೆ."

"ಮರ್ತಿರ್ಕ್. ಸಪ್ಪೆ ಇತ್ತಾ?"

"ಇಲ್ಲೆ. ಉಪ್ಪ್ ಸಮಾ ಇತ್ತ್."

ಚಾ ಲೋಟ ಅಲ್ಲೇ ಇಟ್ಟೆ. ಮಗಳಿಗೆ ಬಿಸ್ಕತ್ತು ಕೊಟ್ಟು, ಹೊರಗೆ ಹೋಗಬೇಡ ಎಂದು ಹೇಳಿ, ಕೊಡೆ ಹಿಡಿದು ಶಾಲೆಗೆ ಓಡಿದೆ. ಶಾಲೆ ಬಿಟ್ಟಿತ್ತು. ಬಾವಿಯ ನೀರು ಯಾವತ್ತಿಗಿಂತ ಮೇಲಿತ್ತು. ಕೊಡಪಾನ ಇಳಿಸುವುದೇ ಬೇಡ ಎನ್ನುವಷ್ಟು ಮೇಲೆ. ಬಗ್ಗಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡೆ. ಉಗುಳಿದೆ. ಮತ್ತೊಮ್ಮೆ ಹಾಕಿಕೊಂಡೆ, ನನ್ನ ಬಾಯಿಯದ್ದೇ ತಪ್ಪಿರಲಿ ಎಂಬ ಆಸೆಯಿಂದ.

"ನಿನ್ನ್ ಬಾಯಿ ತಪ್ಪಲ್ಲ, ಉಪ್ಪೇ" ಎಂದರು ಯಾರೋ. ಪುಷ್ಪಕ್ಕ. ಬಾವಿಕಟ್ಟೆಯ ಆಚೆ ಬದಿಗೆ ಕಾಲು ನೀಡಿ ಕೂತಿದ್ದರು, ಸೆರಗು ತಲೆಗೆ ಹೊದ್ದು. "ಶನಿವಾರದಿಂದ ಹೀಂಗೇ. ಮಕ್ಕಳ್ ಕುಡು ನೀರ್ ನಾನ್ ಮನಿಯಿಂದ ಹೊತ್ಕಂಡ್ ಬತ್ತೆ. ಅಡ್ಗಿಗ್ ಸಾಕಾತ್ತಿಲ್ಲೆ. ಅದ್ಕೇ ಉಪ್ಪ್ ಬಿಟ್ಟೆ."

"ಯಾರಿಗಾರೂ ಹೇಳುಕಾಗ್ಲಿಲ್ಲ್ಯಾ ಪುಷ್ಪಕ್ಕಾ?"

"ಎಂತ ಹೇಳೂದ್? ನಾನೇ ಕರ್ದೆ, ಅದ್ ಬಂತ್ ಅಂಬುದಾ?" ನಗಲು ನೋಡಿದರು, ಆಗಲಿಲ್ಲ. "ಸ್ವಾತಿ, ಒಂದ್ ಸಲ ನೆಲಕ್ಕ್ ಕಿವಿ ಕೊಡ್. ನಂಗ್ ಪ್ರಾಯ ಆಯ್ತ್, ನನ್ನ್ ಕಿವಿ ನಂಬುಕಾಗ."

ಆ ಒದ್ದೆ ಮರಳಿಗೆ ನಾನು ಮೊಣಕಾಲೂರಿ ಕಿವಿ ಇಟ್ಟೆ. ಕಡಲಿನ ಸದ್ದು ಇಡೀ ಊರಿಗೇ ಇರುತ್ತದೆ, ಅದಲ್ಲದೆ ಬೇರೆ ಏನಾದರೂ ಕೇಳಿತೇ ಎಂದರೆ ನನಗೆ ಈಗಲೂ ಗೊತ್ತಿಲ್ಲ. ಎದ್ದಾಗ ಕೆನ್ನೆಗೆ ಮರಳು ಅಂಟಿತ್ತು. ಪುಷ್ಪಕ್ಕ ತಮ್ಮ ಸೆರಗಿನ ತುದಿಯಿಂದ, ಶಾಲೆಯ ಮಕ್ಕಳ ಮೂಗು ಒರೆಸುವ ಹಾಗೆ ಅದನ್ನು ಒರೆಸಿದರು.

ಮಾರನೆಯ ದಿನ ಮಗಳನ್ನು ಶಾಲೆಗೆ ಕಳಿಸಲಿಲ್ಲ. ನಾನೊಬ್ಬಳೇ ಹೋಗಿ ಸೌಮ್ಯಶ್ರೀ ಟೀಚರಿಗೆ ಎಲ್ಲ ಹೇಳಿದೆ. ಹೆಸರಿನ ವಿಷಯ ಕೇಳಿ ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ನಂಗೆ ಯಾರೂ ಹೇಳಲೇ ಇಲ್ವಲ್ಲ! ನಾಳೆಯೊಳಗೆ ಆ ಧ್ವನಿ ತೆಗೆದುಹಾಕ್ತೇನೆ, ನನ್ನ ಕೈಯಲ್ಲೇ ಉಂಟು." ನೀರಿನ ವಿಷಯ ಹೇಳಿದಾಗ ಬಾವಿಯ ತನಕ ನಡೆದು ತಾವೂ ರುಚಿ ನೋಡಿದರು. ಬಂದವರು ಕುರ್ಚಿಯಲ್ಲಿ ಕೂರಲಿಲ್ಲ.

"ನೂಲ ಹುಣ್ಣಿಮೆ ಕಳೆಯುವತನಕ ಬಡಗಿನ ಸೊಸೈಟಿ ಹಾಲ್‌ನಲ್ಲಿ ಶಾಲೆ ನಡೆಸಬಹುದು, ಅದು ಎತ್ತರದಲ್ಲಿದೆ" ಎಂದರು. "ಆದ್ರೆ ಶಾಲಾ ಸಮಿತಿ ಒಪ್ಪಬೇಕು. ಮೇಲಿನವರಿಗೆ ಕಾರಣ ಬರೀಬೇಕು."

ಅದೇ ಸಂಜೆ ಸಮಿತಿಯ ಅಧ್ಯಕ್ಷ ರಾಜೀವಣ್ಣನ ಮನೆಗೆ ನಾವಿಬ್ಬರೂ ಹೋದೆವು. ಅವರು ಕೆಟ್ಟವರಲ್ಲ. ಶಾಲೆಗೆ ಹೆಂಚು ಹೊದಿಸಿದ್ದು, ಬೇಲಿ ಹಾಕಿಸಿದ್ದು ಎಲ್ಲ ಅವರೇ. ಟೀಚರ್ ಫೋನಿನಲ್ಲಿ ನಕ್ಷೆ ತೋರಿಸಿದರು. ರಾಜೀವಣ್ಣ ಕನ್ನಡಕ ಏರಿಸಿ ನೋಡಿದರು.

"ಇದ್ ಯಾರ್ ಬರ್ದದ್ದ್ ಟೀಚರ್ರೇ? ಸರ್ವೆಯವ್ರಾ? ಅವ್ರ್ ದೋಣಿಯಂಗ್ ಕೂಕಂಡ್ ದೂರದಿಂದ ಗೀಟ್ ಹಾಕಿರ್ಕ್. ಒಂದ್ ಗೀಟ್ ಆಚಿ ಈಚಿ ಆದ್ರ್ ಶಾಲಿಯೇ ಎತ್ಕಂಡ್ ಹೋಪುದಾ? ಬಾವಿ ನೀರ್ ಸಾವ್ರ ಕಾರಣಕ್ಕ್ ಉಪ್ಪಾತ್ತ್. ಒಂದ್ ಸಲ ಮಕ್ಕಳ್ ಇಲ್ಲಿಂದ ಎದ್ರೆ, ಆಮೇಲೆ ಇಲ್ಲಿಗ್ ಶಾಲಿ ಬೇಡ ಅಂತ್ರ್. ಊರಂಗ್ ಇಪ್ಪುದೊಂದ್ ಶಾಲಿ. ಹೊಳಿ ದಾಟಿ ಕಳ್ಸ್ತ್ರಾ ನೀವ್ ಮಕ್ಕಳನ್ನ್?"

ಅವರ ಹೆದರಿಕೆಯೂ ಹೆದರಿಕೆಯೇ. ನಾನು ಕೇಳಿದೆ, "ರಾಜೀವಣ್ಣ, ನಿಮ್ಗ್ ಗೊತ್ತಿಲ್ಯಾ, ಅಲ್ಲಿ ಮುಂಚಿ ಎಂತ ಇತ್ತ್ ಅಂದೇಳಿ? ನೀವೂ ಇಲ್ಲಿಯವ್ರೇ ಅಲ್ದಾ?"

ಅವರು ಕಿಟಕಿಯ ಕಡೆ ನೋಡಿದರು. "ನಾನ್ ಆಗ ಹುಟ್ಟಿದ್ದಿಲ್ಲೆ. ಕೇಂಡದ್ ಇತ್ತ್. ಈಗ ಮಳ್ಗಾಲ, ನನ್ನ್ ಬಾಯಂಗ್ ಬಪ್ದಿಲ್ಲೆ. ಹೇಳುವವ್ರ್ ಯಾರಾರೂ ಇದ್ರೆ ನಾಳಿಕ್ ಮೀಟಿಂಗಿಗ್ ಬಂದ್ ಹೇಳ್ಲಿ. ಕಣ್ಣಾರೆ ಕಂಡವ್ರ್ ಹೇಳ್ಲಿ. ನಾನೇ ಕಾಗ್ದಕ್ಕ್ ಸಹಿ ಹಾಕ್ತೆ."

ಕಣ್ಣಾರೆ ಕಂಡವರು ಬೆಂಗ್ರೆಯಲ್ಲಿ ಇನ್ನು ಉಳಿದಿದ್ದವರು ಪುಷ್ಪಕ್ಕ ಒಬ್ಬರೇ.

ಬೆಳಿಗ್ಗೆ ಮಳೆ ಸ್ವಲ್ಪ ಹಿಡಿದಿತ್ತು. ಮೀಟಿಂಗ್ ಮಧ್ಯಾಹ್ನಕ್ಕೆ. ನಾನು ಪುಷ್ಪಕ್ಕನ ಮನೆಗೆ ಹೋದಾಗ ಅವರು ಅಂಗಳದಲ್ಲಿ ಎರಡು ಕೊಡ ತುಂಬಿಸುತ್ತಿದ್ದರು, ಶಾಲೆಗೆ ಒಯ್ಯಲು. ನಾನೊಂದು ಕೊಡ ಎತ್ತಿಕೊಂಡೆ. ಜೊತೆಯಲ್ಲಿ ನಡೆದೆವು. ಅವರ ಮನಸ್ಸಿಗೆ ಸ್ವಲ್ಪ ಸಮಾಧಾನವಾಗಲಿ ಎಂದು ಮೊದಲು ಹೇಳಿದ್ದು ಇದನ್ನೇ. "ಪುಷ್ಪಕ್ಕ, ಟೀಚರ್ ಆ ಧ್ವನಿ ಅಳ್ಸ್ತ್ರಂಬ್ರ್. ಇನ್ನ್ ಯಾರಿಗೂ ಕೇಣತ್ತಿಲ್ಲೆ. ನೀವ್ ಹೇಳ್ದದ್ದೇ ಇಲ್ಲೆ ಅಂಬಾಂಗ್ ಆತ್ತ್."

ಅವರು ನಿಂತುಬಿಟ್ಟರು. ತಲೆಯ ಮೇಲಿನ ಕೊಡ ತುಳುಕಿ ಹಣೆಯ ಮೇಲೆ ನೀರು ಇಳಿಯಿತು.

"ಅಳ್ಸಿ ಆಯ್ತಾ?"

"ಇಲ್ಲೆ, ಇವತ್ತ್ ಅಳ್ಸ್ತ್ರ್."

"ಬೇಡ ಅಂದೇಳ್."

ನನಗೆ ಅರ್ಥವಾಗಲಿಲ್ಲ. ದಾರಿ ಬದಿಯ ಕಲ್ಲಿನ ಮೇಲೆ ಕೊಡ ಇಳಿಸಿ ಅವರು ಉಸಿರು ತೆಗೆದುಕೊಂಡರು. ಅಲ್ಲಿಂದ ಶಾಲೆ ಕಾಣುತ್ತಿತ್ತು. ಜಗಲಿಯ ಮೇಲೆ ಬೇಗ ಬಂದ ಮಕ್ಕಳು ಕುಂಟಾಬಿಲ್ಲೆ ಆಡುತ್ತಿದ್ದರು. ಮಗಳನ್ನು ಮನೆಯಲ್ಲಿ ಇಟ್ಟುಕೊಂಡು ಬಂದವಳಿಗೆ ಅವರ ಕಡೆ ನೋಡಲು ನಾಚಿಕೆಯಾಯಿತು.

"ರಾಜೀವ ನಿನ್ನೆ ರಾತ್ರಿ ಮನಿಗ್ ಬಂದಿದ್ದ" ಎಂದರು ಪುಷ್ಪಕ್ಕ. "ಮೀಟಿಂಗಿಗ್ ಬಂದ್ ಹೇಳ್ ಪುಷ್ಪಕ್ಕ ಅಂದ. ಹೂಂ ಅಂದೆ. ಅವ ಹೋದ್ಮೇಲೆ ಕನ್ನಡಿ ಎದ್ರ್ ನಿಂತ್ ಹೇಳಿ ಕಂಡೆ. ಬಾಯಿ ಒಣಗತ್ತ್ ಸ್ವಾತಿ, ನಾಲ್ಗಿ ಏಳತ್ತಿಲ್ಲೆ. ಅಷ್ಟ್ ಜನ್ರ್ ಎದ್ರ್ ನಾನ್ ನಿಂತ್ರೆ ಅಳು ಒಂದೇ ಬಪ್ಪುದ್. ಅಳು ಕೇಂಡ್ರೆ ಗಂಡಸ್ರ್ ಎಂತ ಮಾಡ್ತ್ರ್? ಪಾಪ ಪುಷ್ಪಕ್ಕ ಅಂದೇಳಿ ಚಾ ಕುಡ್ಸಿ ಕಳ್ಸ್ತ್ರ್. ಮಕ್ಕಳ್ ಅಲ್ಲೇ ಕೂಕಂಡಿರ್ತೊ."

"ನಾನ್ ನಿಮ್ಮ್ ಹತ್ರ ನಿಂತ್ಕಂತೆ."

"ನೀನ್ ನಿಂತ್ರೂ ಹೇಳೂಕೆ ನಾನೇ ಅಲ್ದಾ? ಇನ್ನೊಂದ್ ಸಲ ಆ ಹೆಸ್ರ್ ನನ್ನ್ ಬಾಯಿಯಂಗ್ ಬಪ್ದಿಲ್ಲೆ. ಬಪ್ಪುಕೂ ಆಗ." ಅವರು ಮುಖ ಒರೆಸಿಕೊಂಡರು. ಕಣ್ಣು ಕಡಲ ಕಡೆ ಹೋಯಿತು, ಅಲ್ಲಿಂದ ಜಗಲಿಯ ಮಕ್ಕಳ ಕಡೆ ಬಂತು. ಆಮೇಲೆ ನನ್ನ ಮೊಣಕೈ ಹಿಡಿದರು. ಒಣಮೀನಿನ ಬುಟ್ಟಿ ಹೊತ್ತ ಕೈ, ಹಿಡಿತ ಗಟ್ಟಿಯಿತ್ತು, ಆದರೆ ತಣ್ಣಗಿತ್ತು.

"ಹೇಳ್ದದ್ದ್ ಹೇಳಿ ಆಯ್ತಲೆ. ಅದ್ ಆ ಫೋನಂಗ್ ಇತ್ತಲೆ. ನನ್ನ್ ಸ್ವರವೇ, ನನ್ನ್ ಮಾತೇ. ಅದ್ಕ್ ಅಳುವೂ ಬತ್ತಿಲ್ಲೆ, ಹೆದ್ರ್ಕಿಯೂ ಇಲ್ಲೆ. ಇವತ್ತ್ ಮೀಟಿಂಗಂಗ್ ನೀನೇ ಆ ಚುಕ್ಕಿ ಒತ್ತ್ ಮಗಾ. ಕರಿಯನ್ ಸುದ್ದಿ ಬಪ್ಪಲ್ಲಿವರೀಗೆ ಎಲ್ಲಾ ಕೇಣ್ಲಿ, ಎದ್ದ್ ಹೋಪುಕ್ ಬಿಡ್ಬೇಡ. ನಾನ್ ಅಡ್ಗಿ ಕೋಣಿಯಂಗ್ ಕಿವಿ ಮುಚ್ಕಂಡ್ ಕೂಕಂತೆ. ಒಂದ್ ಉಪ್ಕಾರ ಮಾಡ್, ಒತ್ತುಕಿಂತ ಮುಂಚಿ ಪಡು ಬದಿ ಕಿಟ್ಕಿ ಎಲ್ಲಾ ಹಾಕ್. ಚಿಲ್ಕ ಸಮಾ ಬಿತ್ತಾ ಅಂದೇಳಿ ಕೈಯಂಗ್ ಎಳ್ದ್ ಕಾಣ್, ಆಮೇಲ್ ಒತ್ತ್."